ಸೂರತ್‌ಗೆ ಒಯ್ದ ಮದ್ದಳೆ ಡಬ್ಬಿ

ಅಹಮದಾಬಾದ್, ಮೆಟ್ರೊ ಸ್ಟೇಷನ್

ರೈಲು ಸೂರತ್ ದಾಟಿತು, ವಡೋದರಾ ದಾಟಿತು. ನನಗೆ ಕೆಲಸವಿದ್ದದ್ದು ಆ ಎರಡು ಊರುಗಳಲ್ಲಿ. ಆದರೂ ಇಳಿಯದೆ ಅಹಮದಾಬಾದಿನವರೆಗೆ ಹೋದೆ. ಅಲ್ಲಿಯ ಚಾಂದ್‌ಖೇಡಾದಲ್ಲಿ ನನ್ನ ತಂಗಿ ಸುಮಂಗಲಾ ಇದ್ದಾಳೆ. ಗುಜರಾತಿಗೆ ಬಂದು ಮೊದಲು ತನ್ನ ಮನೆಗೆ ಬರದಿದ್ದರೆ ಮಾತು ಬಿಡುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದಳು. ಹಿಂದೊಮ್ಮೆ ಒಂದು ಮದುವೆಗೆ ಹೋಗಲಿಲ್ಲವೆಂದು ಎಂಟು ತಿಂಗಳು ನಿಜವಾಗಿಯೂ ಮಾತು ಬಿಟ್ಟವಳು ಅವಳು.

ಪಾಸ್‌ಪೋರ್ಟ್ ಬೇಡದ ಊರಾದರೂ ನನಗೆ ಅದು ಪರದೇಶವೇ. ಹುಬ್ಬಳ್ಳಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುವ ನಾನು ಉತ್ತರಕ್ಕೆ ಪುಣೆಯಿಂದಾಚೆ ಹೋದವಳಲ್ಲ. ಅಹಮದಾಬಾದಿನಲ್ಲಿ ಇಳಿದಾಗ ಮೊದಲು ಕಾಡಿದ್ದು ಬೋರ್ಡುಗಳು. ಗುಜರಾತಿ ಅಕ್ಷರ ದೂರದಿಂದ ಹಿಂದಿಯಂತೆ ಕಾಣುತ್ತದೆ. ಹತ್ತಿರ ಹೋದರೆ ತಲೆಯ ಮೇಲಿನ ಗೆರೆ ಇರುವುದಿಲ್ಲ, ಅರ್ಧ ಅಕ್ಷರ ಓದಿದಂತಾಗುತ್ತದೆ, ಇನ್ನರ್ಧ ಕೈಕೊಡುತ್ತದೆ.

ಮೆಟ್ರೊ ಹತ್ತಲು ಹೋದಾಗ ಬ್ಯಾಗ್ ತಪಾಸಣೆಯ ಯಂತ್ರ ನಿಂತಿತು. ಪರದೆ ನೋಡುತ್ತಿದ್ದ ಹೆಣ್ಣುಮಗಳು ನನ್ನ ಬ್ಯಾಗನ್ನು ಹಿಂದಕ್ಕೆ ಎಳೆದುಕೊಂಡಳು. ಅದರೊಳಗೆ ಏನಿತ್ತು ಎಂದು ನನಗೆ ಆಗ ನೆನಪಾಯಿತು. ಸ್ಟೀಲಿನ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಅದರ ತುಂಬ ವೈರು, ಬ್ಯಾಟರಿ, ಮೇಲೆ ನಾಲ್ಕು ಹಿತ್ತಾಳೆ ಬಿಲ್ಲೆ.

"ಯೇ ಕ್ಯಾ ಹೈ, ಬೆನ್?"

ಗುಜರಾತಿನಲ್ಲಿ ಹೆಂಗಸರೆಲ್ಲ ಬೆನ್, ಅಂದರೆ ಅಕ್ಕ ಅಥವಾ ತಂಗಿ. ಸಂಶಯ ಬಂದಾಗಲೂ ಅಕ್ಕನೇ. ನಾನು "ಡ್ರಮ್" ಎಂದೆ. ಆಕೆ ಪೆಟ್ಟಿಗೆಯನ್ನು ತಿರುಗಿಸಿ ನೋಡಿದಳು. ಅದರಲ್ಲಿ ಚರ್ಮವಿಲ್ಲ, ಕೋಲಿಲ್ಲ.

"ಬಜಾಕೆ ದಿಖಾವೋ," ಎಂದಳು.

ಸಣ್ಣ ಸ್ಪೀಕರಿಗೆ ವೈರು ಸಿಕ್ಕಿಸಿ ಒಂದು ಬಿಲ್ಲೆಯನ್ನು ತಟ್ಟಿದೆ. "ತೋಂ" ಎಂದಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಕೆ ನಗಲಿಲ್ಲ. ತಾನೂ ತಟ್ಟಿದಳು, ಮತ್ತೊಂದು ಬಿಲ್ಲೆ ತಟ್ಟಿದಳು, ಆಮೇಲೆ ಎರಡೂ ಕೈಯಿಂದ ಗರ್ಬಾದ ನಡೆ ಹಿಡಿದೇ ಬಿಟ್ಟಳು. ಅವಳ ಮೇಲಧಿಕಾರಿ ದೂರದಿಂದ ಕೆಮ್ಮಿದ ಮೇಲೆ ಪೆಟ್ಟಿಗೆ ನನ್ನ ಕೈಗೆ ಬಂತು. ನಮ್ಮಲ್ಲಾದರೆ ಒಂದು ಕೋಣೆಗೆ ಕರೆದು ಕೂರಿಸುತ್ತಿದ್ದರೇನೋ ಎಂದುಕೊಳ್ಳುತ್ತ ಮೆಟ್ಟಿಲು ಹತ್ತಿದೆ.

ಓದುವವರಿಗೂ ಇಲ್ಲಿಯೇ ಹೇಳಿಬಿಡುತ್ತೇನೆ. ತುಂಬಿದ ಕೊಡಪಾನದ ಮೈಗೆ ಬೆರಳಿನಿಂದ ತಟ್ಟಿದರೆ ಒಂದು ಸಲ ನುಡಿದು ಸುಮ್ಮನಾಗುತ್ತದಲ್ಲ, ಅದೇ ಕೆಲಸವನ್ನು ಮಾಡುವ ವಿದ್ಯುತ್ ಸರ್ಕ್ಯೂಟ್ ಇದು. ಒಳಗೆ ಕಂಪ್ಯೂಟರ್ ಇಲ್ಲ, ಯಾರೋ ಬಾರಿಸಿದ್ದನ್ನು ರೆಕಾರ್ಡ್ ಮಾಡಿ ಇಟ್ಟದ್ದೂ ಇಲ್ಲ. ಕೆಲವು ರೆಸಿಸ್ಟರ್, ಕೆಪಾಸಿಟರ್, ಐಸಿ ಎಂಬ ಒಂದು ಚಿಪ್. ಅವನ್ನು ಹಾಡುವ ಅಂಚಿನವರೆಗೆ ತಂದು ನಿಲ್ಲಿಸಬೇಕು. ಬಿಲ್ಲೆ ತಟ್ಟಿದಾಗ ಹುಟ್ಟುವ ಚಿಕ್ಕ ವಿದ್ಯುತ್ ಅದನ್ನು ನೂಕುತ್ತದೆ, ಅದು ನುಡಿಯುತ್ತದೆ, ಸೋತು ನಿಲ್ಲುತ್ತದೆ. ಅಂಚು ದಾಟಿದರೆ ಸೈರನ್ನಿನಂತೆ ಕೂಗುತ್ತಲೇ ಇರುತ್ತದೆ. ಲ್ಯಾಬಿನಲ್ಲಿ ಒಮ್ಮೆ, ಹಾಗೆ ಕೂಗುತ್ತಲೇ ಇರಬೇಕಿದ್ದ ಸರ್ಕ್ಯೂಟನ್ನು ವಿದ್ಯಾರ್ಥಿಯೊಬ್ಬಳು ತಪ್ಪಾಗಿ ಜೋಡಿಸಿದಾಗ ಅದು ಒಂದೇ ಸಲ "ಡುಂ" ಎಂದು ಸತ್ತಿತು. ಅವಳಿಗೆ ಅಂಕ ಹೋಯಿತು, ನನಗೆ ಹುಚ್ಚು ಹಿಡಿಯಿತು. ಆರು ವರ್ಷದಿಂದ ಇಂಥ ಡಬ್ಬಿಗಳನ್ನು ಮಾಡುತ್ತಿದ್ದೇನೆ.

ಚಾಂದ್‌ಖೇಡಾ

ಸುಮಂಗಲಾಳ ಗಂಡ ತೈಲ ಕಂಪನಿಯಲ್ಲಿದ್ದಾರೆ, ಆ ವಾರ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಕ್ವಾರ್ಟರ್ಸಿನ ಮನೆಗಳು ಒಂದೇ ಅಚ್ಚು. ಹಾಗಾಗಿ ಮೊದಲು ಪಕ್ಕದ ಬ್ಲಾಕಿನ ಅದೇ ನಂಬರಿನ ಮನೆಯ ಬೆಲ್ ಒತ್ತಿದೆ. ಬಾಗಿಲು ತೆರೆದ ಹಿರಿಯರು ನಾನು ಯಾರೆಂದು ಕೇಳುವ ಮೊದಲೇ "ಬೇಸೋ, ಬೇಸೋ" ಎಂದು ಕೂರಿಸಿ ನೀರು ಕೊಟ್ಟರು. ನಾನೂ ಇವರು ಸುಮಿಯ ಅತ್ತೆ ಮನೆಯ ಕಡೆಯವರಿರಬೇಕೆಂದು ಕೂತೆ. ಚಹಾ ಬಂತು, ಬಶಿಯಲ್ಲಿ ಸುರಿದುಕೊಂಡು ಇಬ್ಬರೂ ಕುಡಿದೆವು. ನಮ್ಮಜ್ಜನ ನಂತರ ಬಶಿಯಲ್ಲಿ ಚಹಾ ಕುಡಿಯುವವರನ್ನು ನಾನು ನೋಡಿದ್ದು ಅಂದೇ. ಕುಡಿದಾದ ಮೇಲೆ ತಿಳಿಯಿತು, ಅವರು ಬೇರೆ, ಮನೆ ಬೇರೆ. ಅವರೇ ಕೆಳಗಿಳಿದು ಬಂದು ತಂಗಿಯ ಮನೆ ತೋರಿಸಿದರು.

"ಊರ ಮಂದಿ ಮನ್ಯಾಗೆಲ್ಲಾ ಚಹಾ ಕುಡದು ಬಂದೀಯಲ್ಲ ಅಕ್ಕಾ," ಎಂದು ಸುಮಿ ನಗುತ್ತ ಬ್ಯಾಗ್ ತೆಗೆದುಕೊಂಡಳು. ಹದಿನಾಲ್ಕು ವರ್ಷ ಇಲ್ಲಿದ್ದರೂ ಅವಳ ಹುಬ್ಬಳ್ಳಿ ಮಾತು ಹಾಗೆಯೇ ಇದೆ. ನಡುನಡುವೆ "ಚಾಲೋ" ಸೇರಿದೆ, ಅಷ್ಟೇ.

ಊಟಕ್ಕೆ ಕೂತಾಗ ನಾನು ಬಂದ ಕಾರಣ ಹೇಳಿದೆ. ವಡೋದರಾದಲ್ಲಿ ಓದುತ್ತಿರುವ ರಶ್ಮಿತಾ ಎಂಬ ಹುಡುಗಿ ನನ್ನ ಡಬ್ಬಿಯ ವಿಡಿಯೊ ನೋಡಿ ಇಂಗ್ಲಿಷಿನಲ್ಲಿ ಉದ್ದದ ಪತ್ರ ಬರೆದಿದ್ದಳು. ತಂದೆ ವಾಸು ದೇವಾಡಿಗರು ಕುಂದಾಪುರದ ಕಡೆಯವರು, ಸೂರತ್‌ನಲ್ಲಿ ಉಡುಪಿ ಹೋಟೆಲ್ ಇಟ್ಟವರು. ಯಕ್ಷಗಾನದ ಮದ್ದಳೆಗಾರರು. ಸೂರತ್‌ನ ಕನ್ನಡದವರು ಆಟ ಆಡಿಸಿದಾಗಲೆಲ್ಲ ಇವರದೇ ಮದ್ದಳೆ. ರಶ್ಮಿತಾ ಐದು ವರ್ಷದವಳಿದ್ದಾಗ ಹೋಟೆಲಿನ ರುಬ್ಬುವ ಯಂತ್ರಕ್ಕೆ ಅವರ ಬಲಗೈ ಸಿಕ್ಕಿ ಎರಡು ಬೆರಳು ಅರ್ಧಕ್ಕೆ ಹೋದವು. ಅಂದಿನಿಂದ ಮದ್ದಳೆ ಬಟ್ಟೆ ಸುತ್ತಿಕೊಂಡು ಕಪಾಟಿನ ಮೇಲಿದೆ. ಬೆರಳಿನ ತುದಿಯಿಂದ ಮುಟ್ಟಿದರೂ ಮದ್ದಳೆಯಂತೆ ನುಡಿಯುವ ಡಬ್ಬಿಯೊಂದನ್ನು ಅಪ್ಪನಿಗಾಗಿ ತಾನೇ ಕೈಯಾರೆ ಮಾಡಬೇಕು, ಕಲಿಸಿಕೊಡುತ್ತೀರಾ ಎಂದು ಕೇಳಿದ್ದಳು. ಜೊತೆಗೆ ತನ್ನ ಸಂಗೀತ ಬಳಗದ ಹನ್ನೊಂದು ಜನರಿಗೂ ಕಲಿಸಬೇಕು.

ಸುಮಿ ಬಡಿಸುವುದನ್ನು ನಿಲ್ಲಿಸಿ ಕೇಳಿದಳು: "ಅವರ್ನ ಕೇಳೀರೇನು?"

"ಯಾರ್ನ?"

"ಆ ಹುಡುಗಿ ಅಪ್ಪನ್ನ. ಹದಿನೈದು ವರ್ಷ ಮುಚ್ಚಿಟ್ಟದ್ದನ್ನ ನೀವಿಬ್ರು ಹೋಗಿ ಮುಂದ ತಂದು ಇಡಾವ್ರು. ಅವ್ರಿಗೆ ಬೇಕೋ ಬ್ಯಾಡೋ?"

ನಾನು ಕೇಳಿರಲಿಲ್ಲ. ರಶ್ಮಿತಾ ಅದನ್ನು ಗುಟ್ಟಾಗಿಡಬೇಕು ಎಂದಿದ್ದಳು, ನನಗೂ ಅದು ಚೆನ್ನ ಎನಿಸಿತ್ತು. ತಟ್ಟೆಗೆ ದಾಲ್ ಸುರಿದುಕೊಂಡೆ. ಗುಜರಾತಿನವರಂತೆ ಬೆಲ್ಲ ಹಾಕಿದ್ದಳು. ಅವಳೂ ಇಲ್ಲಿಯವಳಾಗಿದ್ದಾಳೆ ಎಂದುಕೊಂಡೆ.

ಬಿಡಿಭಾಗದ ಪೇಟೆ

ಮರುದಿನ ಹಳೆಯ ಊರಿನ ಎಲೆಕ್ಟ್ರಾನಿಕ್ಸ್ ಪೇಟೆಗೆ ಹೋದೆವು. ನನಗೆ ಬೇಕಿದ್ದದ್ದು ಟ್ರಾನ್ಸಿಸ್ಟರ್, ಅದರಲ್ಲೂ ಕೆಟ್ಟದಾಗಿ ಸದ್ದು ಮಾಡುವ ಟ್ರಾನ್ಸಿಸ್ಟರ್. ಮದ್ದಳೆಯ "ತಾ" ಎಂಬ ಪೆಟ್ಟಿನಲ್ಲಿ ಸ್ವರಕ್ಕಿಂತ ಚರ್ಮದ ಚಟ್ ಸದ್ದೇ ಹೆಚ್ಚು. ಅದಕ್ಕೆ ಒಗ್ಗರಣೆಗೆ ನೀರು ಬಿದ್ದಂಥ ಚುರ್ ಶಬ್ದ ಬೇಕು. ಟ್ರಾನ್ಸಿಸ್ಟರನ್ನು ಉಲ್ಟಾ ಜೋಡಿಸಿದರೆ ಅದು ಬರುತ್ತದೆ. ಆದರೆ ಎಲ್ಲವೂ ಒಂದೇ ಸಮ ಚುರುಗುಟ್ಟುವುದಿಲ್ಲ, ಒಂದೊಂದನ್ನೇ ಹಾಕಿ ಕೇಳಿ ಆರಿಸಬೇಕು.

ಅಂಗಡಿಯ ಕಾಕಾ ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಟ್ರಾನ್ಸಿಸ್ಟರ್ ಆರಿಸುವುದನ್ನು ನೋಡಿದರು. ತೆಂಗಿನಕಾಯಿ ಬಡಿದು ನೋಡಿ ಕೊಳ್ಳುವವರನ್ನು ನೋಡುವಂತೆ ಮೊದಲು ನೋಡಿದರು, ಆಮೇಲೆ ತಮಗೂ ಕೇಳಿಸಿ ಎಂದರು. ಒಂದು ಕಿವಿ ನನಗೆ, ಒಂದು ಅವರಿಗೆ. "ಆ ಸಾರೂಂ ಛೇ," ಇದು ಚೆನ್ನಾಗಿದೆ ಎಂದು ಅವರೇ ಬೇರೆ ಮಾಡತೊಡಗಿದರು. ಅರ್ಧ ಗಂಟೆಯಲ್ಲಿ ಅವರ ಆಯ್ಕೆ ನನ್ನದಕ್ಕಿಂತ ಕಟ್ಟುನಿಟ್ಟಾಯಿತು, ನಾನು ಒಪ್ಪಿದ ಎರಡನ್ನು ಬಿಸಾಡಿದರು.

ಕೊನೆಯಲ್ಲಿ ಸರ್ಕ್ಯೂಟ್ ಬೋರ್ಡ್ ಒರೆಸಲು "ಸ್ಪಿರಿಟ್ ಬೇಕು" ಎಂದೆ. ಪಕ್ಕದ ಗಿರಾಕಿ ತಿರುಗಿ ನೋಡಿದ. ಕಾಕಾ ತಗ್ಗಿದ ದನಿಯಲ್ಲಿ "ಬೆನ್, ಗುಜರಾತ್ ಮಾಂ?" ಗುಜರಾತಿನಲ್ಲಾ ಎಂದರು. ಪಾನನಿಷೇಧದ ರಾಜ್ಯ ಎನ್ನುವುದು ನನಗೆ ಮರೆತೇ ಹೋಗಿತ್ತು. ಸುಮಿ ನನ್ನ ಮೊಣಕೈ ಹಿಡಿದು, ಬೋರ್ಡಿನ ಮಸಿ ಒರೆಸುವುದಕ್ಕೆ ಎಂದು ಗುಜರಾತಿಯಲ್ಲಿ ಬಿಡಿಸಿ ಹೇಳಿದಳು. ಅಂಗಡಿ ತುಂಬ ನಗು. ಹೊರಡುವಾಗ ಕಾಕಾ "ಆವಜೋ" ಎಂದರು. ಹೋಗುವವರಿಗೆ ಬನ್ನಿ ಎನ್ನುತ್ತಾರೆ. ನಾವೂ ಹೋಗುವಾಗ "ಬರ್ತೀನ್ರಿ" ಎನ್ನುತ್ತೇವೆ, ಆ ಮಟ್ಟಿಗೆ ಎರಡೂ ಊರು ಒಂದೇ.

ಫತೇಗಂಜ್

ವಡೋದರಾದ ಸ್ಟೇಷನ್ನಿಗೆ ರಶ್ಮಿತಾಳೇ ಸ್ಕೂಟರಿನಲ್ಲಿ ಬಂದಿದ್ದಳು. ಕತ್ತರಿಸಿದ ಗಿಡ್ಡ ಕೂದಲು, ಕೈಯಲ್ಲಿ ಬೆಸುಗೆ ತಾಗಿದ ಎರಡು ಕಲೆ. ನಾನು ಬರುವ ಮೊದಲೇ ಅಭ್ಯಾಸ ಮಾಡಿದ್ದಳು.

"ಆಂಟಿ, ನನ್ನ ಕನ್ನಡ ಬಹಳ ಖರಾಬ್ ಇದೆ. ನಗಬಾರದು," ಎಂದಳು. "ಪಪ್ಪಾ ಮದ್ದಳೆ ಬಾರಿಸ್ತಿತ್ತು ಅಂತ ಮಮ್ಮಿ ಹೇಳಿತು. ನನಗೆ ನೆನಪಿಲ್ಲ. ಒಂದು ವಿಡಿಯೊ ಕೂಡ ಇಲ್ಲ."

ಅವಳ ಕನ್ನಡದಲ್ಲಿ ಅಪ್ಪ, ಅಮ್ಮ, ಮದ್ದಳೆ ಎಲ್ಲವೂ ನಪುಂಸಕ ಲಿಂಗ. ನಾನು ತಿದ್ದಲಿಲ್ಲ.

ಫತೇಗಂಜಿನ ಒಂದು ತಿಂಡಿ ಅಂಗಡಿಯ ಮೇಲಿನ ಕೋಣೆಯಲ್ಲಿ ರಶ್ಮಿತಾಳೂ ಸೇರಿ ಹನ್ನೆರಡು ಜನ ನೆಲದ ಮೇಲೆ ಕೂತರು. ಕೆಳಗಿನಿಂದ ಸೇವ್ ಉಸಳ್ ಎಂಬ ಖಾರದ ತಿಂಡಿಯ ಘಾಟು, ಮೇಲೆ ಬೆಸುಗೆಯ ಹೊಗೆ. ಊರಿನಲ್ಲಿ ನಾನೇ ತಾಮ್ರದ ಹಾಳೆಯ ಮೇಲೆ ಇಸ್ತ್ರಿ ಪೆಟ್ಟಿಗೆಯಿಂದ ಅಚ್ಚೊತ್ತಿ, ಆಸಿಡ್ಡಿನಲ್ಲಿ ಕೊರೆಸಿ ಹನ್ನೆರಡು ಬೋರ್ಡ್ ಮಾಡಿ ತಂದಿದ್ದೆ. ಹೊರಡುವ ದಿನವೇ ಮುಗಿದದ್ದರಿಂದ ಸರಿಯಾಗಿ ನೋಡದೆ ಪೇಪರಿನಲ್ಲಿ ಸುತ್ತಿದ್ದೆ. ಎಲ್ಲಿ ಯಾವ ದನಿ ಎಂದು ತಿಳಿಯಲು ಅಚ್ಚಿನಲ್ಲಿಯೇ ಕನ್ನಡದಲ್ಲಿ ತಾ, ದೀಂ, ತೋಂ, ನಂ ಎಂದು ಸೇರಿಸಿದ್ದೆ.

ರಶ್ಮಿತಾ ಬೋರ್ಡನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ತುಟಿ ಅಲ್ಲಾಡುತ್ತಿತ್ತು.

"ಆಂಟಿ, 'ತ' ನನಗೆ ಗೊತ್ತು. ಮಮ್ಮಿ ಕಲಿಸಿತ್ತು. ಇದು 'ತ' ಥರ ಇದೆ, ಆದರೆ 'ತ' ಇಲ್ಲ. ನಾನು ಮರೆತೆನಾ?"

ನಾನು ಬಗ್ಗಿ ನೋಡಿದೆ. ಅವಳು ಮರೆತಿರಲಿಲ್ಲ. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಂತಿದ್ದವು. ಅಚ್ಚೊತ್ತುವಾಗ ಚಿತ್ರವನ್ನು ತಿರುಗಿಸಬೇಕಿತ್ತು, ಮರೆತಿದ್ದೆ. ಅಕ್ಷರ ತಿರುಗಿದರೆ ಗೆರೆಗಳೂ ತಿರುಗಿರುತ್ತವೆ. ಹನ್ನೆರಡು ಬೋರ್ಡಿನಲ್ಲಿ ಒಂದೂ ಸರಿಯಿಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಈ ತಪ್ಪಿಗೆ ಎಷ್ಟು ಮಕ್ಕಳ ಅಂಕ ಕಳೆದಿದ್ದೇನೋ.

ತಪ್ಪು ನನ್ನದು, ಎಲ್ಲ ಬೋರ್ಡೂ ಉಲ್ಟಾ ಎಂದು ಹಿಂದಿಯಲ್ಲಿ ಹೇಳಿದೆ. ಯಾರಾದರೂ ಗೊಣಗಬಹುದು ಎಂದು ಕಾದೆ. ಒಬ್ಬಳು ಮಾತ್ರ ಎದ್ದು ಹೋಗಿ ಎಲ್ಲರಿಗೂ ಚಹಾ ಹೇಳಿ ಬಂದಳು. ಇಲ್ಲಿಯವರು ಕಷ್ಟವೊಂದನ್ನು ಶುರು ಮಾಡುವುದು ಚಹಾದಿಂದ.

ಚಹಾ ಕುಡಿಯುತ್ತ ಐಸಿಯೊಂದನ್ನು ಅಂಗಾತ ಮಲಗಿಸಿ ನೋಡಿದೆ. ಬೋರ್ಡ್ ತಿರುಗಿದ್ದರೆ ಐಸಿಯೂ ತಿರುಗಲಿ. ಅದರ ಹದಿನಾಲ್ಕು ಕಾಲುಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಚಿ, ಬೆನ್ನು ಕೆಳಗೆ ಮಾಡಿ ಕೂರಿಸಿದರೆ ಲೆಕ್ಕ ಸರಿಹೋಗುತ್ತದೆ. ಸತ್ತ ಜಿರಳೆಯ ಹಾಗೆ ಕಾಣುತ್ತದೆ, ಆದರೆ ಕೆಲಸ ಮಾಡುತ್ತದೆ. ಎರಡು ಸಲ ಮಡಚಿದರೆ ಕಾಲು ಮುರಿಯುತ್ತದೆ, ಹಾಗಾಗಿ ಒಂದೇ ಸಲಕ್ಕೆ ಸರಿಯಾಗಿ ಮಡಚಬೇಕು. ಮೂರು ಐಸಿ ಮುರಿದವು. ಎರಡನೆಯ ದಿನ ಸಂಜೆಗೆ ಒಂಬತ್ತು ಡಬ್ಬಿ ನುಡಿದವು. ಅವುಗಳಲ್ಲಿ ಒಂದು ಮೊದಲು ಸೈರನ್ನಿನಂತೆ ಕೂಗಿ, ಕೆಳಗಿನ ಅಂಗಡಿಯವನು ಮೇಲೆ ಓಡಿ ಬಂದ.

ರಶ್ಮಿತಾಳ ಡಬ್ಬಿ ಮೊದಲು ನುಡಿಯಿತು. ಅವಳು ಅದನ್ನು ಮದ್ದಳೆಯಂತೆ ಮಾಡಲು ಫೋನಿನಲ್ಲಿ ಸಿಕ್ಕ ಯಕ್ಷಗಾನದ ತುಣುಕುಗಳನ್ನು ಕೇಳಿ ಕೇಳಿ ಗುಂಡಿ ತಿರುಗಿಸಿದಳು. ನನಗೂ ಅಷ್ಟೇ ಗೊತ್ತಿದ್ದದ್ದು. ಹುಬ್ಬಳ್ಳಿಯವಳಾದ ನಾನು ಮದ್ದಳೆಯನ್ನು ಎದುರು ಕೂತು ಕೇಳಿದವಳೇ ಅಲ್ಲ. "ಹೋಲತೈತಿ," ಎಂದೆ. ಅವಳು ಪೆಟ್ಟಿಗೆಯನ್ನು ದುಪಟ್ಟಾದಲ್ಲಿ ಸುತ್ತಿದಳು.

ಸೂರತ್

ಹೋಟೆಲ್ ಇರುವುದು ಸೀರೆ ಮಾರುಕಟ್ಟೆಯ ಹಿಂದೆ. ಕೈಗಾಡಿಗಳ ಮೇಲೆ ಸೀರೆಯ ಗಂಟುಗಳು ಮಹಡಿಯಷ್ಟು ಎತ್ತರಕ್ಕೆ ಹೋಗುತ್ತವೆ, ಕೆಳಗೆ ಎಳೆಯುವವನು ಕಾಣುವುದಿಲ್ಲ, ಗಂಟೇ ನಡೆದು ಬಂದಂತೆ ಇರುತ್ತದೆ. ಹೋಟೆಲಿನ ಬೋರ್ಡಿನಲ್ಲಿ ಗುಜರಾತಿ, ಹಿಂದಿ, ಕೆಳಗೆ ಮೂಲೆಯಲ್ಲಿ ಕನ್ನಡ. ಒಳಗಿನ ಗೋಡೆಯ ಮೇಲೆ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಜೈನ ಸಾಂಬಾರ್ ಸಿಗುತ್ತದೆ ಎಂಬ ಬರಹ.

"ಹ್ವಾಯ್, ಬನ್ನಿ ಬನ್ನಿ. ಹುಬ್ಬಳ್ಳಿಯವರಂಬ್ರಲ್ಲ. ಮೊದ್ಲ್ ಊಟ," ಎಂದು ವಾಸು ದೇವಾಡಿಗರು ಎದುರು ಬಂದರು. ಐವತ್ತೈದರ ಗಟ್ಟಿ ಆಳು. ಬಲಗೈಯ ಮೇಲೆ ಯಾವಾಗಲೂ ಒಂದು ಟವೆಲ್. ಬಡಿಸಿದ್ದೆಲ್ಲ ಎಡಗೈಯಲ್ಲಿ ಸೌಟು ಹಿಡಿದು, ಚೆಲ್ಲದೆ. ಕೌಂಟರಿನಲ್ಲಿದ್ದ ಅವರ ಹೆಂಡತಿ ಜಲಜಾ ಮಗಳ ಕೈಯ ಗಂಟನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಬಿಲ್ಲಿನ ಕಡೆ ತಲೆ ಬಗ್ಗಿಸಿದರು. ಅವರಿಗೆ ಗೊತ್ತಿತ್ತು.

ಮೂರು ಗಂಟೆಗೆ ಊಟದ ಗಿರಾಕಿಗಳು ಮುಗಿದು ಷಟರನ್ನು ಅರ್ಧ ಇಳಿಸಿದರು. ರಶ್ಮಿತಾ ಮೇಜು ಒರೆಸಿ ಡಬ್ಬಿಯನ್ನಿಟ್ಟಳು, ಸ್ಪೀಕರ್ ಜೋಡಿಸಿದಳು.

"ಪಪ್ಪಾ, ಇದು ನಿಮಗೆ. ನಾನು ಮಾಡಿದೆ. ಮದ್ದಳೆ."

ಅವರು ಟವೆಲ್ ಸರಿಸಲಿಲ್ಲ. ಎಡಗೈಯ ತೋರುಬೆರಳಿನಿಂದ ತೋಂ ಬಿಲ್ಲೆಯನ್ನು ಮುಟ್ಟಿದರು. ನುಡಿಯಿತು. ಇನ್ನೊಮ್ಮೆ ಮುಟ್ಟಿದರು. ಆಮೇಲೆ ತಾ, ದೀಂ, ನಂ. ಮುಖದಲ್ಲಿ ಏನೂ ಕಾಣಲಿಲ್ಲ.

"ಇದ್ ಮದ್ದಳೆ ಅಲ್ಲ," ಎಂದರು.

ರಶ್ಮಿತಾ ಅಡುಗೆಮನೆಗೆ ಹೋದಳು. ಒಳಗೆ ಪಾತ್ರೆಯ ಮೇಲೆ ನಲ್ಲಿ ಬಿಟ್ಟ ಸದ್ದು ಕೇಳಿತು, ಅದು ನಿಲ್ಲಲೇ ಇಲ್ಲ. ಜಲಜಾ ಗಂಡನ ಕಡೆ ನೋಡಿ "ಮಗು ಎರಡ್ ತಿಂಗ್ಳು ಕಷ್ಟಪಟ್ಟಿದೆ, ಹೀಂಗೆ ಹೇಳ್ಕಾ?" ಎಂದರು. ನನಗೆ ತಂಗಿಯ ಮೇಲೆ ಸಿಟ್ಟು ಬಂತು, ಅವಳು ಹೇಳಿದ್ದು ನಿಜವಾಯಿತಲ್ಲ ಎಂದು.

"ತಪ್ಪ ನಂದ್ರಿ," ಎಂದೆ. "ನಿಮ್ಮನ್ನ ಒಂದು ಮಾತು ಕೇಳಬೇಕಾಗಿತ್ತು."

"ನೀವು ಮದ್ದಳೆ ಕೇಂಡಿದ್ರಾ?" ಕೇಳಿದ್ದೀರಾ ಎಂದರು, ಅವರ ದನಿಯಲ್ಲಿ ಕೋಪವಿರಲಿಲ್ಲ.

"ಇಲ್ರಿ. ಫೋನಿನ್ಯಾಗ ಅಷ್ಟ."

ಅವರು ಒಳಗೆ ಹೋಗಿ ಸ್ಟೂಲಿನ ಮೇಲೆ ಹತ್ತಿ, ಬಟ್ಟೆ ಸುತ್ತಿದ ಮದ್ದಳೆಯನ್ನು ಇಳಿಸಿಕೊಂಡು ಬಂದರು. ಬಿಚ್ಚಿದಾಗ ಧೂಳಿನ ಜೊತೆ ಹಳೆಯ ಚರ್ಮದ ವಾಸನೆ ಬಂತು. ಬಲಗಡೆಯ ಚರ್ಮಕ್ಕೆ ಮೆತ್ತಿದ ಕರಿಯ ಕರಣೆ ಹೆಕ್ಕಳೆಯಾಗಿ ಎದ್ದಿತ್ತು. ಎಡಗಡೆ ಮಾತ್ರ ಇನ್ನೂ ಬಿಗಿ. ಎಡಗೈಯಿಂದ ಒಂದು ಪೆಟ್ಟು ಹಾಕಿದರು. ನನ್ನ ಎದೆಯಲ್ಲಿ ಏನೋ ಅಲುಗಿತು. ನನ್ನ ಡಬ್ಬಿಯ ತೋಂ ಇದಕ್ಕೆ ಹೋಲಿಸಿದರೆ ಬಾಗಿಲಿನ ಗಂಟೆ.

"ಕಾಣಿ, ನುಡೀತ್, ನಿಲ್ತ್. ನಿಮ್ದಕ್ಕೆ ಬಾಲ ಉದ್ದ," ಎಂದರು. "ಅದೂ ಶ್ರುತಿಗಿಲ್ಲೆ. ಆ ಬಾಲ ಕಡೂಕೆ ಆತ್ತಾ?"

ಆಗುತ್ತದೆ, ಒಂದು ರೆಸಿಸ್ಟರ್ ಬದಲಿಸಿದರೆ ಸಾಕು ಎಂದೆ. ಬೆಸುಗೆ ಕಡ್ಡಿಗೆ ಕರೆಂಟ್ ಬೇಕಿತ್ತು. ಅಡುಗೆಮನೆಯಲ್ಲಿದ್ದ ಒಂದೇ ಪ್ಲಗ್ ಪಾಯಿಂಟಿನಲ್ಲಿ ರುಬ್ಬುವ ಯಂತ್ರವಿತ್ತು. ಅವರೇ ಹೋಗಿ ಯಂತ್ರದ ಪ್ಲಗ್ ಕಿತ್ತು ನನ್ನದನ್ನು ಸಿಕ್ಕಿಸಿದರು. ರಶ್ಮಿತಾ ಸಿಂಕಿನ ಹತ್ತಿರ ಬೆನ್ನು ಹಾಕಿ ನಿಂತಿದ್ದಳು, ತಿರುಗಲಿಲ್ಲ. ನಾನು ರುಬ್ಬುವ ಯಂತ್ರದ ಪಕ್ಕದಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತೆ.

ರೆಸಿಸ್ಟರ್ ಬದಲಿಸಿದೆ. ಅವರು ಒಂದು ಸ್ವರ ಹಿಡಿದು ಗುನುಗಿದರು, ನಾನು ಗುಂಡಿ ತಿರುಗಿಸಿದೆ. "ಮೇಲೆ... ಸ್ವಲ್ಪ ಮೇಲೆ... ಹೆಚ್ಚಾಯ್ತ್, ಕೆಳಗೆ." ಲ್ಯಾಬಿನಲ್ಲಿ ಮೀಟರ್ ನೋಡಿ ಹೊಂದಿಸುವ ಕೆಲಸ ಇದು. ಅವರು ಮೀಟರಿಗಿಂತ ಸಣ್ಣ ತಪ್ಪನ್ನು ಹಿಡಿಯುತ್ತಿದ್ದರು. ಕೊನೆಗೆ "ತೋಂ ಅಡ್ಡಿಲ್ಲೆ," ಎಂದರು. "ಆ 'ತಾ' ಮಾತ್ರ ತೆಗ್ದ್ ಬಿಡಿ. ಅದು ಮೊರದಲ್ಲ್ ಅಕ್ಕಿ ಕೇರಿದಂಗೆ ಕೇಂತ್." ಕಾಕಾ ಆರಿಸಿಕೊಟ್ಟ ಟ್ರಾನ್ಸಿಸ್ಟರ್ ಅದು. ಕಿತ್ತೆ.

ಇಷ್ಟಾದ ಮೇಲೆ ಅವರು ಡಬ್ಬಿಯ ಮುಂದೆ ಕೂತರು. ಟವೆಲ್ ತೆಗೆದು ತೊಡೆಯ ಮೇಲಿಟ್ಟರು. ಬಲಗೈ ಮೊದಲ ಸಲ ಕಂಡಿತು. ಹೆಬ್ಬೆರಳು, ಉಂಗುರದ ಬೆರಳು, ಕಿರುಬೆರಳು ಸರಿಯಾಗಿದ್ದವು, ನಡುವಿನ ಎರಡು ಅರ್ಧಕ್ಕೆ ನಿಂತಿದ್ದವು. ಆ ಅರ್ಧ ಬೆರಳಿನಿಂದ ಬಿಲ್ಲೆಯನ್ನು ತಟ್ಟಿದರು. ಆಮೇಲೆ ಹೆಬ್ಬೆರಳಿನಿಂದ. ಮತ್ತೆ ಅರ್ಧ ಬೆರಳಿನಿಂದ. ನಾಲ್ಕೈದು ಸಲ ಹೀಗೆ ಮಾಡಿ ಕೈ ಹಿಂದೆಳೆದರು.

"ಬೆರಳು ಹೋದ್ ಮೇಲೂ ಆರು ತಿಂಗ್ಳು ಬಾರಿಸಿದ್ದೆ, ಗೊತ್ತಿತ್ತಾ?" ಎಂದರು. ಹೆಂಡತಿಗೆ ಗೊತ್ತಿದ್ದಿರಬೇಕು, ಮಗಳಿಗೆ ಗೊತ್ತಿರಲಿಲ್ಲ. ಸಿಂಕಿನ ನೀರು ನಿಂತಿತು. "ಪೆಟ್ಟು ಬೀಳ್ತೇ ಇರ್ಲಿಲ್ಲೆ. ನಂಗೆ ಕೇಂತಿತ್ತ್. ಆದ್ರೆ ಎಲ್ರೂ ಬಂದು 'ಅಡ್ಡಿಲ್ಲೆ ವಾಸಣ್ಣ, ಒಳ್ಳೇದಾಯ್ತ್' ಅಂದ್ರು. ಅದನ್ನ ಕೇಂಬುಕೆ ಆಯ್ಲಿಲ್ಲೆ. ಬಿಟ್ಟೆ." ಡಬ್ಬಿಯ ಕಡೆ ಗದ್ದ ಎತ್ತಿ ತೋರಿಸಿದರು. "ಇದೂ ಹಾಂಗೇ. ಗಟ್ಟಿ ಬಾರಿಸಿರೂ ಅಷ್ಟೇ, ಮೆಲ್ಲ ಬಾರಿಸಿರೂ ಅಷ್ಟೇ. ಇದೂ 'ಅಡ್ಡಿಲ್ಲೆ ವಾಸಣ್ಣ' ಅಂತ್."

ಅವರು ಹೇಳಿದ್ದು ನಿಜ, ಅದನ್ನು ಹಾಗೆ ಮಾಡಿದವಳೂ ನಾನೇ. ಬಿಲ್ಲೆ ಮೆಲ್ಲಗೆ ತಟ್ಟಿದರೆ ಕಡಿಮೆ ವಿದ್ಯುತ್ ಬರುತ್ತದೆ, ಜೋರಾಗಿ ತಟ್ಟಿದರೆ ಹೆಚ್ಚು. ಈ ಏರುಪೇರು ಬೇಡವೆಂದು ನಡುವೆ ಇನ್ನೊಂದು ಟ್ರಾನ್ಸಿಸ್ಟರ್ ಹಾಕಿದ್ದೆ. ಹೇಗೆ ತಟ್ಟಿದರೂ ಅದು ಒಂದೇ ಅಳತೆಯ ನೂಕು ಕೊಡುತ್ತದೆ. ಬಲವಿಲ್ಲದ ಕೈಗೆ ಅನುಕೂಲ ಎಂದುಕೊಂಡಿದ್ದೆ.

"ರಶ್ಮಿತಾ," ಎಂದು ಕರೆದೆ. "ಬಾ ಇಲ್ಲಿ. ಒಂದು ಕೀಳೋದೈತಿ, ನೀನ ಕೀಳು."

ಅವಳು ಕೈ ಒರೆಸಿಕೊಂಡು ಬಂದಳು. ಕಣ್ಣು ಕೆಂಪಾಗಿತ್ತು. ಯಾವುದೆಂದು ತೋರಿಸಿದೆ. ಅಂಗಾತ ಬಿದ್ದ ಐಸಿಯ ಪಕ್ಕದ ಆ ಟ್ರಾನ್ಸಿಸ್ಟರನ್ನು ಅವಳು ಬಿಸಿ ಮಾಡಿ ಕಿತ್ತಳು, ಅಲ್ಲಿ ಒಂದು ರೆಸಿಸ್ಟರ್ ಹಾಕಿದಳು. ಅವಳ ಬೆಸುಗೆ ನನ್ನದಕ್ಕಿಂತ ಅಚ್ಚುಕಟ್ಟು. ತಂದೆ ಅವಳ ಕೈಯನ್ನೇ ನೋಡುತ್ತಿದ್ದರು.

"ಕೈ ಸುಟ್ಕಂಬೇಡ," ಎಂದರು.

"ಸುಟ್ಟಾಯಿತು ಪಪ್ಪಾ, ಪೆಹಲೇ," ಎಂದು ಅವಳು ಕಲೆ ತೋರಿಸಿದಳು.

ಡಬ್ಬಿ ಮತ್ತೆ ಮೇಜಿಗೆ ಬಂತು. ಹೆಬ್ಬೆರಳಿನ ಪೆಟ್ಟು ತುಂಬಿ ನುಡಿಯಿತು. ಅರ್ಧ ಬೆರಳಿನದು ಸಣ್ಣಗೆ, ಮಂಕಾಗಿ, ತಡವಾಗಿ ಬಂದಂತೆ ಕೇಳಿತು. ಉಂಗುರದ ಬೆರಳಿನದು ಎರಡರ ನಡುವೆ. ಜಲಜಾ ಕೌಂಟರಿನಿಂದ ಎದ್ದು ಬಂದರು. ಕೆಟ್ಟದಾಗಿ ಕೇಳಿಸುತ್ತಿದೆ ಎಂದು ನನಗೆ ಭಯ. ಅವರು ಮತ್ತೆ ಮತ್ತೆ ಅದೇ ಎರಡು ಪೆಟ್ಟು ಹಾಕಿ ತಲೆ ಓರೆ ಮಾಡಿ ಕೇಳಿದರು.

"ಈಗ ನನ್ ಕೈ ಕೇಂತ್," ಎಂದರು.

ಅಷ್ಟೇ ಹೇಳಿದ್ದು. ಆಮೇಲೆ ತ್ರಿವುಡೆ ಹಿಡಿದರು. ಏಳು ಅಕ್ಷರದ ತಾಳ. ಬಾಯಲ್ಲಿ ಪೆಟ್ಟಿನ ಅಕ್ಷರ ಹೇಳುವ ಬಾಯಿತಾಳ, ಬೆರಳಲ್ಲಿ ತೋಂ, ದೀಂ, ನಂ. "ತಾ" ಇಲ್ಲದ ಕಡೆ ಮೇಜಿನ ಹಲಗೆಗೆ ಅಂಗೈ ಬಡಿದರು, ಅದು ನನ್ನ "ತಾ"ಗಿಂತ ಚೆನ್ನಾಗಿತ್ತು. ಐದನೆಯ ಅಕ್ಷರಕ್ಕೆ ಅರ್ಧ ಬೆರಳು ಹಿಂದೆ ಬಿತ್ತು. ನಿಲ್ಲಿಸಿದರು. ಮೊದಲಿನಿಂದ ಹಿಡಿದರು. ಮತ್ತೆ ಅಲ್ಲೇ ಬಿದ್ದಿತು. ಆ ಪೆಟ್ಟನ್ನು ಕಿರುಬೆರಳಿಗೆ ಕೊಟ್ಟು ನೋಡಿದರು.

ರಶ್ಮಿತಾ ಬಿಲ್ ಪುಸ್ತಕದ ಹಿಂದಿನ ಹಾಳೆ ತೆರೆದು ಪೆನ್ ಹಿಡಿದಳು. "ಪಪ್ಪಾ, ಸ್ಲೋ. ಏನು ಹೇಳ್ತೀರಿ? ನಾನು ಬರೀತೇನೆ."

ಅವರು ನಿಧಾನಕ್ಕೆ ಹೇಳಿದರು, ಅವಳು ಬರೆದಳು. ಇಣುಕಿ ನೋಡಿದೆ, ಗುಜರಾತಿ ಲಿಪಿಯಲ್ಲಿ ಬರೆಯುತ್ತಿದ್ದಳು. ಅವರೂ ನೋಡಿದರು. ಬರೆದದ್ದನ್ನು ಓದಲು ಹೇಳಿದರು. ಅವಳು ಓದಿದಳು.

"ತಪ್ಪು," ಎಂದರು. "ಇನ್ನೊಂದ್ ಸಲ."

ನನ್ನ ರೈಲಿಗೆ ಹೊತ್ತಾಗಿತ್ತು. ಆಟೊ ಬಂದಿದೆ ಎಂದು ಫೋನು ಎರಡು ಸಲ ಬಡಿದುಕೊಂಡಿತು. ಬರ್ತೀನ್ರಿ ಎಂದೆ, ತಂದೆ ಮಗಳು ಇಬ್ಬರೂ ತಲೆ ಎತ್ತಲಿಲ್ಲ. ಜಲಜಾ ಮುಜುಗರದಿಂದ ನನ್ನ ಕೈಗೆ ಒಂದು ಪೊಟ್ಟಣ ತುರುಕಿ, "ಬೇಜಾರ್ ಮಾಡ್ಕಬೇಡಿ, ಅವ್ರು ಹಾಂಗೇ," ಎಂದರು. ಅವರ ಕಣ್ಣು ಮೇಜಿನ ಕಡೆಯೇ ಇತ್ತು.

ಷಟರಿನ ಕೆಳಗೆ ಬಗ್ಗಿ ಹೊರಬಂದೆ. ಸಂಜೆಯ ಇಡ್ಲಿಗೆ ಆರೇಳು ಜನ ಕಾಯುತ್ತಿದ್ದರು. ಹೋಟೆಲ್ ತೆರೆಯುವ ಹೊತ್ತು ದಾಟಿ ಅರ್ಧ ಗಂಟೆಯಾಗಿತ್ತು. ಸ್ಕೂಟರಿಗೆ ಒರಗಿದ್ದ ಹಿರಿಯರೊಬ್ಬರು ಒಳಗಿನಿಂದ ಬರುತ್ತಿದ್ದ ಸದ್ದಿನತ್ತ ಕೈ ತೋರಿಸಿ, ಇದೇನು ಬೆನ್, ಇನ್ನೆಷ್ಟು ಹೊತ್ತು ಎಂದು ಹಿಂದಿಯಲ್ಲಿ ಕೇಳಿದರು.

ಗೊತ್ತಿಲ್ಲ, ಈಗಷ್ಟೇ ಶುರುವಾಗಿದೆ ಎಂದೆ.